ಕ್ಷೇಮವಾಗಿ ಮನೆ ಸೇರಿದವನು ನಿರಪರಾಧಿಯೋ?

ದಾರಿಯಲ್ಲಿ ಒಂದು ಮೋಟಾರು ಗಾಡಿ ಮಗುಚಿ ಬಿದ್ದಿದೆ ಎಂಬ ಸುದ್ದಿಯು ಊರಿಗೆ ಬಂದ ಕೂಡಲೆ ನಾವೆಲ್ಲರೂ ಕೇಳುವ ಮೊದಲನೆಯ ಪ್ರಶ್ನೆ, ಯಾರಾದರೂ ಸತ್ತರೋ ಎಂಬದು. ಎರಡನೆಯದು, ತಪ್ಪು ಯಾರದು ಎಂಬದು. ಯಾರೂ ಸಾಯಲಿಲ್ಲ, ಯಾರಿಗೂ ಪೆಟ್ಟಾಗಲಿಲ್ಲ ಎಂದು ತಿಳಿದರೆ ಆ ಎರಡನೆಯ ಪ್ರಶ್ನೆಯನ್ನು ನಾವು ಬಿಟ್ಟೇಬಿಡುತ್ತೇವೆ. ಅದೇ ಗಾಡಿಯು ಅದೇ ವೇಗದಿಂದ ಓಡಿ, ಮಗುಚದೆ ಮನೆ ಸೇರಿದ್ದರೆ ಅದರ ಮಾತನ್ನೇ ಯಾರೂ ಎತ್ತುತ್ತಿರಲಿಲ್ಲ. ಹೀಗಿರಲಾಗಿ ನಮ್ಮೆಲ್ಲರ ಮನಸ್ಸಿನಲ್ಲಿ ಒಂದು ಎಣಿಕೆಯು ನಮಗೆ ತಿಳಿಯದೆಯೇ ಬೇರೂರಿದೆ. ಹಾನಿಯಾದರೆ ತಪ್ಪು, ಹಾನಿಯಾಗದಿದ್ದರೆ ತಪ್ಪಿಲ್ಲ ಎಂಬದೇ ಆ ಎಣಿಕೆ. ಇದು ಸರಿಯೋ ಎಂದು ನಾವು ಈ ಸಾರಿ ಸಾವಧಾನವಾಗಿ ವಿಚಾರಿಸಬೇಕೆಂದಿದ್ದೇವೆ. ಅದಕ್ಕಾಗಿ ದೂರದೇಶದಲ್ಲಿ ನಡೆದು ಲೋಕವೆಲ್ಲಾ ಕೇಳಿದ ಒಂದು ಅಪಘಾತವನ್ನು ಮುಂದಿಟ್ಟುಕೊಳ್ಳುತ್ತೇವೆ.

ಅಮೇರಿಕದ ಕ್ಯಾಲಿಫೋರ್ನಿಯ ಸೀಮೆಯಲ್ಲಿ, ಲಾಸ್ ಏಂಜಲೀಸ್ ಪಟ್ಟಣದ ಉತ್ತರಕ್ಕೆ ಸಾಂತಾ ಕ್ಲಾರಿಟಾ ಎಂಬ ಊರುಂಟು. 2013ನೇ ಇಸವಿ ನವೆಂಬರ್ 30ನೇ ತಾರೀಖು ಶನಿವಾರ ಅಲ್ಲಿ ಒಂದು ಧರ್ಮಕಾರ್ಯದ ಕೂಟ ನಡೆಯಿತು. ಅದೇ ತಿಂಗಳಲ್ಲಿ ಫಿಲಿಪ್ಪೀನ್ ದ್ವೀಪಗಳನ್ನು ಘೋರವಾದ ತುಫಾನು ಹೊಡೆದು ಸಾವಿರಾರು ಮಂದಿ ಸತ್ತಿದ್ದರು. ಉಳಿದವರಿಗೆ ಸಹಾಯ ಮಾಡುವದಕ್ಕಾಗಿಯೇ ಜನರು ಕೂಡಿಬಂದಿದ್ದರು. ಸಹಾಯ ಮಾಡುತ್ತಿದ್ದ ಸಂಘವನ್ನು ಸ್ಥಾಪಿಸಿದವರು ಪಾಲ್ ವಾಕರ್ ಎಂಬ 40 ವರುಷದ ನಟರು. ವೇಗದ ಮೋಟಾರುಗಳ ಕಥೆಯುಳ್ಳ ಚಲಚ್ಚಿತ್ರಗಳಲ್ಲಿ ನಟಿಸಿ ಅವರು ಲೋಕದಲ್ಲೆಲ್ಲಾ ಹೆಸರುವಾಸಿಯಾಗಿದ್ದರು. ಮಧ್ಯಾಹ್ನ ಮೂರು ಗಂಟೆ ದಾಟಿದ ಮೇಲೆ ಅವರೂ ಅವರ ಸ್ನೇಹಿತರೊಬ್ಬರೂ ಪೋರ್ಷೆ ಕರೇರಾ ಜಿಟಿ ಎಂಬ ಸ್ಪೋರ್ಟ್ಸ್ ಕಾರಿನಲ್ಲಿ ಕೂತು ಹೊರಗೆ ಹೊರಟರು. ಸ್ನೇಹಿತರು ಗಾಡಿಯನ್ನು ನಡಿಸುತ್ತಿದ್ದರು. ಅವರು ಪಂದ್ಯಗಳಲ್ಲಿ ಓಡಿಸಿ ಪಳಗಿದವರು. ಕೆಲವೇ ನಿಮಿಷಗಳೊಳಗೆ ಆ ಗಾಡಿಯು ದಾರಿತಪ್ಪಿ, ದೀಪದ ಕಂಬಕ್ಕೂ ಮರಗಳಿಗೂ ಬಡಿದು, ಹೊತ್ತಿಕೊಂಡು ಉರಿಯಿತು. ಇಬ್ಬರೂ ಸತ್ತರು. ಅವರ ಸ್ನೇಹಿತರು ಬೆಂಕಿ ಆರಿಸುವ ಸಲಕರಣೆಗಳನ್ನು ಹಿಡಿದು ಓಡಿಬಂದರೂ ಏನೂ ಮಾಡುವದಕ್ಕಾಗಲಿಲ್ಲ.

ಆ ಸೀಮೆಯ ಅಧಿಕಾರಿಗಳು ಕೆಲವು ತಿಂಗಳು ವಿಚಾರಣೆ ಮಾಡಿ, 2014ನೇ ಮಾರ್ಚ್ ತಿಂಗಳಲ್ಲಿ ತಾವು ಕಂಡದ್ದನ್ನು ತಿಳಿಸಿದರು. ನಡಿಸುವವರು ಕುಡಿದಿರಲಿಲ್ಲ. ಬೇರೆ ಗಾಡಿಯ ಸಂಗಡ ಪಂದ್ಯ ಕಟ್ಟಿ ಓಡಿಸಿದ್ದೂ ಅಲ್ಲ. ಇಬ್ಬರೂ ಸೀಟಿನ ಪಟ್ಟಿಯನ್ನು ಕಟ್ಟಿಕೊಂಡಿದ್ದರು. ಯಂತ್ರದಲ್ಲಿ ಕೆಟ್ಟದ್ದೇನೂ ಕಂಡುಬರಲಿಲ್ಲ. ಟೈರುಗಳು ಮಾತ್ರ ಒಂಭತ್ತು ವರುಷದಷ್ಟು ಹಳೆಯವಾಗಿದ್ದವು. ಆ ದಾರಿಯಲ್ಲಿ ತಾಸಿಗೆ 45 ಮೈಲು, ಅಂದರೆ ಸುಮಾರು 72 ಕಿಲೋಮೀಟರು, ಮೀರಬಾರದೆಂದು ನೇಮವಿತ್ತು. ಆ ಗಾಡಿಯು ತಾಸಿಗೆ 80ರಿಂದ 93 ಮೈಲಿನ ವೇಗದಲ್ಲಿತ್ತು. ನೇಮದ ಎರಡರಷ್ಟು ಎಂದು ಹೇಳಿದರೆ ಹೆಚ್ಚು ತಪ್ಪಾಗದು.

ಈ ಸಂಗತಿಯಲ್ಲಿ ನಮ್ಮ ಮನಸ್ಸನ್ನು ಚುಚ್ಚುವದೇನಂದರೆ, ಸತ್ತವರು ದುರ್ಜನರಲ್ಲ. ಅವರು ಹಸಿದವರಿಗೂ ಮನೆಯಿಲ್ಲದವರಿಗೂ ಸಹಾಯ ಮಾಡುವ ಕೂಟದಿಂದ ಎದ್ದುಹೋದವರು. ಕುಡುಕನು ಗಾಡಿ ನಡಿಸಿ ಸತ್ತನೆಂದರೆ ನಾವು ತಲೆಯಲ್ಲಾಡಿಸಿ, ನಾನು ಅಂಥವನಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ. ಇಲ್ಲಿಯಾದರೋ ಆ ಸಮಾಧಾನಕ್ಕೆ ಎಡೆಯಿಲ್ಲ. ಒಳ್ಳೇ ಮನುಷ್ಯನೂ, ಬುದ್ಧಿ ಸ್ವಾಧೀನದಲ್ಲಿರುವವನೂ, ಕೈಪಳಗಿದವನೂ ಇಂಥ ತಪ್ಪಿಗೆ ಒಳಗಾಗಬಹುದು. ಅದಕಾರಣ ಸತ್ತವರಿಗೆ ತೀರ್ಪು ಹೇಳುವದಕ್ಕಾಗಿ ಅಲ್ಲ, ಬದುಕಿರುವ ನಮ್ಮನ್ನು ನಾವು ಪರೀಕ್ಷಿಸಿಕೊಳ್ಳುವದಕ್ಕಾಗಿ ಇದನ್ನು ಬರೆಯುತ್ತೇವೆ.

ಆ ಅಪಘಾತದ ತರುವಾಯ ಇಂಥ ಗಾಡಿಗಳನ್ನು ಮೆಚ್ಚುವವರು ಕೂಡಿದಲ್ಲೆಲ್ಲಾ ಬಹಳ ಚರ್ಚೆ ನಡೆಯಿತು. ಈ ತರದ ಚರ್ಚೆಗಳಲ್ಲಿ ಕೇಳಬರುವ ವಾದಗಳು ಮುಖ್ಯವಾಗಿ ನಾಲ್ಕು. ಅವುಗಳನ್ನು ನಾವು ಹಗುರವಾಗಿ ತಳ್ಳಿಬಿಡಬಾರದು; ಯಾಕಂದರೆ ಎತ್ತಿನ ಗಾಡಿಯಿಂದ ಮೋಟಾರು ಸೈಕಲಿಗೆ ಹತ್ತಿದ ನಮ್ಮ ಹಳ್ಳಿಯ ಯೌವನಸ್ಥರ ಬಾಯಲ್ಲಿಯೂ ಇವೇ ಮಾತುಗಳು ಬರುತ್ತವೆ.

ಮೊದಲನೆಯದಾಗಿ, ತಪ್ಪು ಗಾಡಿಯದು ಅನ್ನುವರು. ಆ ಗಾಡಿಗೆ ಹತ್ತು ಸಿಲಿಂಡರುಗಳ ಯಂತ್ರವೂ 600ಕ್ಕೆ ಮಿಕ್ಕಿದ ಕುದುರೆಶಕ್ತಿಯೂ ಇತ್ತು. ತಿರುವಿನಲ್ಲಿ ಗಾಡಿಯು ಜಾರಲಾರಂಭಿಸಿದರೆ ತಾನಾಗಿ ತಡೆದು ಸರಿಮಾಡುವ ಸಾಧನವು ಅದರಲ್ಲಿ ಇರಲಿಲ್ಲ. ಸತ್ತವರ ಮನೆಯವರು ಕಂಪೆನಿಯ ಮೇಲೆ ದಾವೆಯನ್ನೂ ಹೂಡಿದರು. ಕಂಪೆನಿಯು ಗಾಡಿಯಲ್ಲಿ ದೋಷವಿಲ್ಲವೆಂದು ವಾದಿಸಿತು. ಮಾಡಿ ಮಾರುವವರಿಗೆ ಹೊಣೆ ಇಲ್ಲವೆಂದು ನಾವು ಹೇಳುವದಿಲ್ಲ. ಆದರೂ ಒಂದು ಮಾತುಂಟು. ಗಾಡಿಯು ಹಟಮಾರಿಯೆಂದು ಅದನ್ನು ಮೆಚ್ಚುವವರೆಲ್ಲರೂ ಮೊದಲೇ ಬಲ್ಲರು. ಅದು ಹಾಗಿದ್ದದರಿಂದಲೇ ಅನೇಕರು ಅದನ್ನು ಮೆಚ್ಚಿದರು. ಒಂದು ವಸ್ತುವಿನ ಅಪಾಯವನ್ನು ಅರಿತವನಿಗೆ ಆ ಅರಿವು ಹೊಣೆಯನ್ನು ಹೆಚ್ಚಿಸುತ್ತದೆಯೇ ಹೊರತು ಕಡಿಮೆ ಮಾಡುವದಿಲ್ಲ. ಮೊಂಡು ಕತ್ತಿಯನ್ನು ಹಿಡಿದವನಿಗಿಂತ ಹರಿತವಾದ ಕತ್ತಿಯನ್ನು ಹಿಡಿದವನು ಹೆಚ್ಚು ಎಚ್ಚರವಾಗಿರಬೇಕಲ್ಲವೇ?

ಎರಡನೆಯದಾಗಿ, ತಪ್ಪು ಟೈರುಗಳದು ಅನ್ನುವರು. ಇದರಲ್ಲಿಯೂ ಸತ್ಯಾಂಶವುಂಟು. ರಬ್ಬರು ಉಪಯೋಗಿಸದೆ ಇಟ್ಟರೂ ಮುದಿಯಾಗುತ್ತದೆ. ಮೇಲೆ ಗೀರುಗಳು ಚೆನ್ನಾಗಿ ಕಂಡರೂ ಒಳಗೆ ಗಡುಸಾಗಿ ದಾರಿಯನ್ನು ಹಿಡಿಯುವ ಶಕ್ತಿಯು ಕುಂದುತ್ತದೆ. ಮೋಟಾರಿನ ಒಂದೊಂದು ಚಕ್ರವು ನೆಲವನ್ನು ಮುಟ್ಟುವ ಜಾಗ ಸುಮಾರು ನಮ್ಮ ಅಂಗೈಯಷ್ಟು ಮಾತ್ರ. ಅಂಥ ನಾಲ್ಕು ಅಂಗೈಗಳ ಮೇಲೆ ಗಾಡಿಯೂ ಅದರಲ್ಲಿರುವ ಪ್ರಾಣಗಳೂ ನಿಂತಿರುತ್ತವೆ. ಆದರೆ ಟೈರು ತನ್ನ ವಯಸ್ಸನ್ನು ತಾನೇ ನೋಡಿಕೊಳ್ಳಲಾರದು, ನೋಡಬೇಕಾದವನು ಯಜಮಾನನೇ. ಇದಲ್ಲದೆ, ತಕ್ಕ ವೇಗದಲ್ಲಿ ಹೇಗೋ ಕೆಲಸಕ್ಕೆ ಬರುವ ಟೈರು ಎರಡರಷ್ಟು ವೇಗದಲ್ಲಿ ಕೈಬಿಟ್ಟೀತು. ಹೀಗೆ ಟೈರಿನ ಮೇಲೆ ಹೊರಿಸಿದ ತಪ್ಪು ಸುತ್ತಿಬಂದು ಪುನಃ ಮನುಷ್ಯನ ಬಾಗಲಿಗೇ ನಿಲ್ಲುತ್ತದೆ.

ಮೂರನೆಯದಾಗಿ, ಕೈಪಳಗಿದವನಿಗೆ ವೇಗವು ಅಪಾಯವಲ್ಲ, ಅರಿಯದವನಿಗೆ ಮಾತ್ರ ಅಪಾಯ ಅನ್ನುವರು. ನಾಲ್ಕರಲ್ಲಿ ಇದೇ ಬಲವಾದ ವಾದ. ಹೆಚ್ಚು ಜನರನ್ನು ಮೋಸಪಡಿಸುವದೂ ಇದೇ. ಸ್ವಲ್ಪ ಲೆಕ್ಕ ಹಾಕಿ ನೋಡೋಣ. ತಾಸಿಗೆ 72 ಕಿಲೋಮೀಟರು ಓಡುವ ಗಾಡಿಯು ಒಂದು ಸೆಕೆಂಡಿನಲ್ಲಿ 20 ಮೀಟರು ದಾರಿಯನ್ನು ನುಂಗುತ್ತದೆ. 144 ಕಿಲೋಮೀಟರಾದರೆ 40 ಮೀಟರು. ಎಂಥ ನಿಪುಣನಾದರೂ ಕಣ್ಣು ಕಂಡದ್ದನ್ನು ಮನಸ್ಸು ಗ್ರಹಿಸಿ, ಕಾಲು ಬ್ರೇಕನ್ನು ಒತ್ತುವಷ್ಟರಲ್ಲಿ ಸುಮಾರು ಒಂದು ಸೆಕೆಂಡು ಕಳೆದುಹೋಗುತ್ತದೆ. ಆ 40 ಮೀಟರುಗಳ ಮೇಲೆ ಅವನ ನಿಪುಣತೆಗೆ ಯಾವ ಅಧಿಕಾರವೂ ಇಲ್ಲ. ಬ್ರೇಕು ಒತ್ತಿದ ಮೇಲಾದರೂ ವೇಗವು ಎರಡರಷ್ಟಾದರೆ ನಿಲ್ಲುವದಕ್ಕೆ ಬೇಕಾದ ದೂರ ಎರಡರಷ್ಟಲ್ಲ, ನಾಲ್ಕರಷ್ಟು. ಬಡಿದರೆ ಆ ಪೆಟ್ಟಿನ ಬಲವೂ ನಾಲ್ಕರಷ್ಟು. ತಿರುವಿನಲ್ಲಿ ಗಾಡಿಯನ್ನು ದಾರಿಯಲ್ಲಿಯೇ ಹಿಡಿದಿಡುವದಕ್ಕೆ ಚಕ್ರಗಳಿಗೆ ಬೇಕಾದ ಹಿಡಿತವೂ ನಾಲ್ಕರಷ್ಟು. ಸೃಷ್ಟಿಯ ಈ ನಿಯಮವು ಕಲಿತವನೆಂದೂ ಕಲಿಯದವನೆಂದೂ ಮುಖ ನೋಡುವದಿಲ್ಲ. ನಿಜವಾದ ನಿಪುಣನು ಈ ನಿಯಮವನ್ನು ಗೆದ್ದವನಲ್ಲ, ಇದಕ್ಕೆ ಅಂಜಿ ನಡೆಯುವವನು.

ನಾಲ್ಕನೆಯದಾಗಿ, ಅವರು ತಮಗೆ ಪ್ರಿಯವಾದದ್ದನ್ನು ಮಾಡುತ್ತಾ ಸತ್ತರು; ಅಪಾಯಕ್ಕೆ ಒಡ್ಡಿದ್ದು ತಮ್ಮ ಪ್ರಾಣವನ್ನೇ, ಇದರಲ್ಲಿ ಇತರರಿಗೇನು ಅನ್ನುವರು. ನಮ್ಮ ಪ್ರಾಣವು ನಮ್ಮೊಬ್ಬರದೇ ಎಂಬದು ಎಷ್ಟು ಪೊಳ್ಳು ಮಾತೆಂದು ಸತ್ತವರ ಮನೆಯಲ್ಲಿ ಒಂದು ದಿವಸ ಕೂತವನು ಬಲ್ಲನು. ಇವರಿಬ್ಬರೂ ಮಕ್ಕಳಿದ್ದ ತಂದೆಗಳು. ಅದಿರಲಿ, ದಾರಿಯಲ್ಲಿ ತನ್ನ ಪ್ರಾಣವನ್ನು ಮಾತ್ರ ಒಡ್ಡುವದಾದರೂ ಹೇಗೆ? ದಾರಿಯು ಎಲ್ಲರದು. ಆ ಶನಿವಾರ ಆ ತಿರುವಿನಲ್ಲಿ ಒಬ್ಬ ತಾಯಿ ಮಗುವಿನ ಕೈಹಿಡಿದು ದಾಟುತ್ತಿರಲಿಲ್ಲ ಎಂಬದು ನಡಿಸುವವನ ಜಾಗ್ರತೆಯ ಫಲವಲ್ಲ.

ಹಾಗೆ ಅನ್ಯರು ದಾರಿಯಲ್ಲಿದ್ದಾಗ ಏನಾಗುತ್ತದೆಂಬದನ್ನು ನಮ್ಮ ದೇಶವೇ ಕಂಡಿತು. 2024ನೇ ಮೇ 19ರಂದು, ಬೆಳಗಾಗುವದಕ್ಕೆ ಎಷ್ಟೋ ಮುಂಚೆ, ಪುಣೆ ಪಟ್ಟಣದ ಕಲ್ಯಾಣಿ ನಗರದಲ್ಲಿ ಅದೇ ಪೋರ್ಷೆ ಕಂಪೆನಿಯ ಬೇರೊಂದು ತರದ ಗಾಡಿಯು ಒಂದು ಮೋಟಾರು ಸೈಕಲಿಗೆ ಬಡಿಯಿತು. ಅದರ ಮೇಲಿದ್ದ ಯೌವನಸ್ಥರಾದ ಇಬ್ಬರು ಇಂಜಿನಿಯರರು, ಒಬ್ಬ ಪುರುಷ ಒಬ್ಬ ಸ್ತ್ರೀ, ಸತ್ತುಹೋದರು. ಗಾಡಿಯನ್ನು ನಡಿಸಿದವನು 17 ವರುಷದ ಹುಡುಗನೆಂದೂ, ಅವನು ಕುಡಿದಿದ್ದನೆಂದೂ ಪೋಲೀಸರು ಆಪಾದಿಸಿದರು. ಅವನನ್ನು ಅದೇ ದಿವಸ ಜಾಮೀನಿನ ಮೇಲೆ ಬಿಡುವಾಗ ಹಾಕಿದ ಷರತ್ತುಗಳಲ್ಲಿ ಒಂದೇನಂದರೆ, ರಸ್ತೆ ಅಪಘಾತಗಳ ವಿಷಯವಾಗಿ 300 ಶಬ್ದಗಳ ಪ್ರಬಂಧವನ್ನು ಬರೆಯಬೇಕೆಂಬದು. ಇದನ್ನು ಕೇಳಿ ದೇಶವೆಲ್ಲಾ ಸಿಟ್ಟಾಯಿತು. ಆ ಮೇಲೆ ಆ ಆಜ್ಞೆಯು ಬದಲಾಯಿತು. ಆ ವ್ಯಾಜ್ಯವನ್ನು ತೀರಿಸುವದು ನ್ಯಾಯಸ್ಥಾನಗಳ ಕೆಲಸ, ನಮ್ಮದಲ್ಲ. ನಮ್ಮ ಮನಸ್ಸಿನಲ್ಲಿ ಉಳಿದದ್ದು ಬೇರೊಂದು ಪ್ರಶ್ನೆ. ಅಂಥ ಪ್ರಬಂಧವನ್ನು ನಾವೇ ಬರೆಯಬೇಕಾಗಿ ಬಂದರೆ, ತಪ್ಪು ಎಲ್ಲಿ ಆರಂಭವಾಯಿತೆಂದು ಬರೆಯುವೆವು? ಗಾಡಿ ಬಡಿದ ಕ್ಷಣದಲ್ಲಿಯೋ? ವೇಗ ಏರಿದ ಕ್ಷಣದಲ್ಲಿಯೋ? ಇಲ್ಲವೆ ಇನ್ನೂ ಹಿಂದೆ, ಎಳೆಯ ಕೈಗೆ ಬೀಗದಕೈ ಸೇರಿದ ಕ್ಷಣದಲ್ಲಿಯೋ?

ಈ ಪ್ರಶ್ನೆಯು ಹೊಸದಲ್ಲ. ಮೋಟಾರುಗಳಿಲ್ಲದ ಕಾಲದಲ್ಲಿಯೇ ಮೋಶೆಯ ಧರ್ಮಶಾಸ್ತ್ರವು ಇದನ್ನು ಎತ್ತಿಕೊಂಡು, ನಮ್ಮಂಥ ಒಕ್ಕಲು ಮಕ್ಕಳಿಗೆ ತಿಳಿಯುವ ಮೂರು ಉದಾಹರಣೆಗಳಿಂದ ಉತ್ತರ ಕೊಟ್ಟಿತು. ಒಬ್ಬನು ಕಾಡಿನಲ್ಲಿ ಮರ ಕಡಿಯುವಾಗ ಕೊಡಲಿಯು ಕಾವಿನಿಂದ ಜಾರಿ ಹತ್ತಿರವಿದ್ದವನಿಗೆ ತಗಲಿ ಅವನು ಸತ್ತರೆ, ಕಡಿಯುವವನನ್ನು ಕೊಲೆಗಾರನೆಂದು ಎಣಿಸಬಾರದು. ಅವನು ಓಡಿಹೋಗಿ ಬದುಕುವದಕ್ಕೆ ಆಶ್ರಯದ ಊರುಗಳನ್ನು ನೇಮಿಸಬೇಕು. ಇದು ಒಂದು. ಎತ್ತು ಯಾರನ್ನಾದರೂ ಹಾಯ್ದು ಕೊಂದರೆ ಎತ್ತಿಗೆ ಮರಣ, ಯಜಮಾನನಿಗೆ ಬಿಡುಗಡೆ. ಆದರೆ ಅದು ಮುಂಚಿನಿಂದಲೂ ಹಾಯುವ ಎತ್ತಾಗಿದ್ದು, ಜನರು ಎಚ್ಚರಿಸಿದ್ದಾಗ್ಯೂ ಅವನು ಅದನ್ನು ಕಟ್ಟಿಡದೆ ಹೋಗಿದ್ದರೆ ಯಜಮಾನನೂ ಅಪರಾಧಿ. ಇದು ಎರಡು. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತಲೂ ಅಡ್ಡಗೋಡೆಯನ್ನು ಕಟ್ಟಬೇಕು. ಇಲ್ಲದಿದ್ದರೆ ಬಿದ್ದವನ ರಕ್ತದ ಹೊಣೆಯು ಆ ಮನೆಗೆ ಬರುವದು. ಇದು ಮೂರು.

ಈ ಮೂರರಲ್ಲಿರುವ ವಿವೇಕವನ್ನು ಗಮನಿಸಿರಿ. ಕೊಡಲಿಯ ನೇಮದಲ್ಲಿ ಹಾನಿಯು ಅತಿ ದೊಡ್ಡದು, ಒಬ್ಬ ಮನುಷ್ಯನ ಪ್ರಾಣವೇ ಹೋಗಿದೆ. ಆದರೂ ಕಡಿಯುವವನು ಕೊಲೆಗಾರನಲ್ಲ. ಮಾಳಿಗೆಯ ನೇಮದಲ್ಲಿ ಇನ್ನೂ ಯಾರೂ ಬಿದ್ದಿಲ್ಲ; ಆದರೂ ಗೋಡೆ ಕಟ್ಟದವನು ಆಗಲೇ ನೇಮ ಮೀರಿದವನು. ಅಂದ ಮೇಲೆ ತಪ್ಪನ್ನು ಅಳೆಯುವ ಕೋಲು ಹಾನಿಯಲ್ಲ. ತನಗೆ ತಿಳಿದ ಅಪಾಯದ ವಿಷಯದಲ್ಲಿ ಮನುಷ್ಯನು ಏನು ಮಾಡಿದನು, ಏನು ಮಾಡದೆ ಬಿಟ್ಟನು ಎಂಬದೇ ಅದನ್ನು ಅಳೆಯುವ ಕೋಲು. ವೇಗವು ಹಾಯುವ ಎತ್ತು ಎಂದು ನಮಗೆ ಯಾರೂ ಹೇಳಲಿಲ್ಲವೆಂದು ನಾವು ಅನ್ನಲಾರೆವು. 2022ನೇ ಇಸವಿ ಒಂದರಲ್ಲಿಯೇ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದೂ, ಅವರಲ್ಲಿ ಹತ್ತಕ್ಕೆ ಏಳರಷ್ಟು ಸಾವುಗಳಿಗೆ ಅತಿವೇಗವೇ ಕಾರಣವೆಂದೂ ಸರಕಾರದ ವರದಿಯು ತಿಳಿಸಿತು. ಸತ್ತವರಲ್ಲಿ ಹೆಚ್ಚು ಪಾಲು ಪಟ್ಟಣದ ಬೀದಿಗಳಲ್ಲಿ ಅಲ್ಲ, ಗ್ರಾಮಾಂತರದ ದಾರಿಗಳಲ್ಲಿಯೇ ಸತ್ತವರು. ಎಚ್ಚರಿಕೆಯು ನಮ್ಮ ಕಿವಿಗೆ ಬಿದ್ದಾಗಿದೆ. ಇನ್ನು ಎತ್ತನ್ನು ಕಟ್ಟುವದೋ ಬಿಡುವದೋ ಎಂಬದಷ್ಟೇ ಉಳಿದಿದೆ.

ಈಗ ನಮ್ಮ ಮೊದಲಿನ ಪ್ರಶ್ನೆಗೆ ಬರೋಣ. ಒಂದೇ ಊರಿನ ಇಬ್ಬರು ಯೌವನಸ್ಥರು ಸಂತೆಯಿಂದ ಸಾಯಂಕಾಲ ಒಂದೇ ದಾರಿಯಲ್ಲಿ, ಒಂದೇ ಅತಿವೇಗದಿಂದ ಮೋಟಾರು ಸೈಕಲು ಓಡಿಸುತ್ತಾ ಮನೆಗೆ ಬರುತ್ತಾರೆಂದು ನೆನಸಿರಿ. ಒಬ್ಬನ ಮುಂದೆ ಶಾಲೆಯ ಹುಡುಗಿಯೊಬ್ಬಳು ದಾರಿಗೆ ಅಡ್ಡಬಂದು ಪ್ರಾಣ ಕಳಕೊಳ್ಳುತ್ತಾಳೆ. ಇನ್ನೊಬ್ಬನ ಮುಂದೆ ಯಾರೂ ಬರುವದಿಲ್ಲ. ಅವನು ಕೈಕಾಲು ತೊಳೆದು ಊಟಕ್ಕೆ ಕೂಡುತ್ತಾನೆ. ಮೊದಲನೆಯವನು ಸೆರೆಗೆ ಹೋಗುವನು, ಜೀವಮಾನವೆಲ್ಲಾ ಆ ಮುಖವನ್ನು ಮರೆಯಲಾರನು. ಎರಡನೆಯವನಾದರೋ ಮಾರನೆಯ ದಿವಸ ಮೊದಲನೆಯವನನ್ನು ದೂಷಿಸುವವರ ಗುಂಪಿನಲ್ಲಿ ನಿಂತು ತಾನೂ ಎರಡು ಮಾತು ಆಡುವನು! ಇವರಿಬ್ಬರ ನಡತೆಯಲ್ಲಿ ಭೇದವೇನು? ಏನೂ ಇಲ್ಲ. ಭೇದವಿರುವದು ಆ ಹುಡುಗಿಯು ಹೆಜ್ಜೆಯಿಟ್ಟ ಹೊತ್ತಿನಲ್ಲಿ ಮಾತ್ರ.

ಹಾಗಾದರೆ ಇಬ್ಬರಿಗೂ ಒಂದೇ ಶಿಕ್ಷೆಯಾಗಬೇಕೋ ಎಂದು ಕೆಲವರು ಕೇಳಬಹುದು. ಹಾಗಲ್ಲ. ಊರಿನ ನ್ಯಾಯವು ಆದ ಹಾನಿಯನ್ನು ನೋಡಿ ಶಿಕ್ಷಿಸಬೇಕಾಗುತ್ತದೆ. ಸತ್ತ ಮಗುವಿನ ತಂದೆತಾಯಿಗಳ ಕಣ್ಣೀರು ಲೆಕ್ಕಕ್ಕೆ ಬಾರದೆ ಇರಲಾರದು. ಆದರೆ ಮನಸ್ಸಾಕ್ಷಿಯ ಚಾವಡಿಯಲ್ಲಿ ಬೇರೆ ಲೆಕ್ಕ ನಡೆಯುತ್ತದೆ. ಅಲ್ಲಿ ಎರಡನೆಯವನೂ ನಿಲ್ಲಬೇಕು. ಅವನ ಕೆಡುಕು ಇನ್ನೊಂದುಂಟು: ಕ್ಷೇಮವಾಗಿ ಬಂದ ಪ್ರತಿ ಸಾರಿಯೂ ಅವನ ಧೈರ್ಯ ಬೆಳೆಯುತ್ತದೆ. ಅದೃಷ್ಟದಿಂದ ಆದದ್ದನ್ನು ಅವನು ತನ್ನ ಜಾಣತನದಿಂದ ಆಯಿತೆಂದು ಎಣಿಸುತ್ತಾನೆ. ನೂರು ಸಾರಿ ಹೀಗೆ ಬಂದೆನಲ್ಲಾ ಎಂಬದೇ ಅವನಿಗೆ ನೂರೊಂದನೆಯ ಸಾರಿಗೆ ಅಪ್ಪಣೆಯ ಚೀಟಿಯಾಗುತ್ತದೆ. ಸಾಂತಾ ಕ್ಲಾರಿಟಾದ ದಾರಿಯಲ್ಲಿ ಸತ್ತ ಆ ನಿಪುಣರಿಗೂ ಹಿಂದೆ ಕ್ಷೇಮವಾಗಿ ಮನೆ ಸೇರಿದ ದಿವಸಗಳು ಎಷ್ಟೋ ಇದ್ದವು.

ಈ ಮಾತಿನ ಮತ್ತೊಂದು ಮುಖವನ್ನೂ ಹೇಳಲೇಬೇಕು. ತಕ್ಕ ವೇಗದಲ್ಲಿ, ಕಣ್ಣುತೆರೆದು, ಬ್ರೇಕು ಟೈರುಗಳನ್ನು ಸರಿಯಾಗಿಟ್ಟು ಗಾಡಿ ನಡಿಸುತ್ತಿದ್ದಾಗ್ಯೂ ತಪ್ಪಿಸಲಾರದ ಅಪಘಾತಕ್ಕೆ ಒಳಗಾದವರು ಇದ್ದಾರೆ. ಕೊಡಲಿಯು ಕಾವಿನಿಂದ ಜಾರಿದವರು ಅವರು. ಅಂಥವರನ್ನು ಊರು ಕೊಲೆಗಾರರಂತೆ ನೋಡುವದು ಅನ್ಯಾಯ. ಸಿಟ್ಟಿನ ಗುಂಪು ಕೂಡಿ ಚಾಲಕನನ್ನು ಹೊಡೆಯುವದು, ಗಾಡಿಗೆ ಬೆಂಕಿ ಹಚ್ಚುವದು ನ್ಯಾಯವಲ್ಲ, ಇನ್ನೊಂದು ಅತಿವೇಗವೇ. ಮೋಶೆಯು ಆಶ್ರಯದ ಊರುಗಳನ್ನು ನೇಮಿಸಿದ್ದು ಇಂಥ ಸಿಟ್ಟಿನ ಕೈಗೆ ನಿರಪರಾಧಿಯು ಸಿಕ್ಕದಂತೆ ಅಲ್ಲವೇ?

ವೇಗವನ್ನು ಮೆಚ್ಚುವದೇ ಪಾಪವೋ ಎಂದು ಕೇಳಿದರೆ, ಅಲ್ಲವೆಂದು ಹೇಳುತ್ತೇವೆ. ಓಡುವ ಕುದುರೆಯ ಚೆಲುವನ್ನೂ, ಚೆನ್ನಾಗಿ ಮಾಡಿದ ಯಂತ್ರದ ಚಮತ್ಕಾರವನ್ನೂ ಮೆಚ್ಚುವದು ಮನುಷ್ಯನಿಗೆ ಸಹಜ. ಆದರೆ ಅದಕ್ಕೆ ಬೇಲಿಯುಳ್ಳ ಸ್ಥಳ ಬೇಕು. ಪಂದ್ಯದವರೇ ಇದನ್ನು ಬಹಳ ಬೆಲೆ ತೆತ್ತು ಕಲಿತರು. 1955ನೇ ಜೂನ್ 11ರಂದು ಫ್ರಾನ್ಸ್ ದೇಶದ ಲ ಮಾನ್ ಎಂಬಲ್ಲಿ ಪಂದ್ಯ ನಡೆಯುತ್ತಿದ್ದಾಗ ಒಂದು ಗಾಡಿಯು ಹಾರಿ ನೋಡುವವರ ಗುಂಪಿನ ಕಡೆಗೆ ಬಿದ್ದು ಎಂಭತ್ತಕ್ಕೆ ಮಿಕ್ಕಿದ ಜನರು ಸತ್ತರು. ವಿಚಾರಣೆ ಮಾಡಿದವರು ಚಾಲಕರಲ್ಲಿ ಒಬ್ಬನ ಮೇಲೆ ತಪ್ಪು ಹೊರಿಸದೆ, ಅಷ್ಟು ವೇಗದ ಗಾಡಿಗಳಿಗೆ ಆ ದಾರಿಯೇ ತಕ್ಕದ್ದಲ್ಲವೆಂದು ಕಂಡರು. ಪಂದ್ಯಕ್ಕೆಂದೇ ಕಾದಿಟ್ಟ ದಾರಿಯಲ್ಲಿ ಹೀಗಾದರೆ, ದನಗಳೂ ಮಕ್ಕಳೂ ಕಬ್ಬಿನ ಗಾಡಿಗಳೂ ಕೂಡಿಹೋಗುವ ನಮ್ಮ ದಾರಿಯ ಪಾಡೇನು?

ಹೊಣೆಯು ಗಾಡಿ ನಡಿಸುವವನೊಬ್ಬನದೇ ಅಲ್ಲ. ಹದಿನೆಂಟು ತುಂಬದ ಮಗನು ಮೋಟಾರು ಸೈಕಲು ಬೇಕೆಂದು ಹಟ ಮಾಡುವಾಗ ಬೀಗದಕೈಯನ್ನು ಕೊಡುವ ತಂದೆಯು ಹಾಯುವ ಎತ್ತಿನ ಹಗ್ಗ ಬಿಚ್ಚುವವನೇ. ಮೋಟಾರು ವಾಹನಗಳ ಕಾಯಿದೆಗೆ 2019ರಲ್ಲಿ ಮಾಡಿದ ತಿದ್ದುಪಡಿಯೂ ಇದನ್ನೇ ಹೇಳುತ್ತದೆ. ಎಳೆಯನು ಗಾಡಿ ನಡಿಸಿ ಅಪರಾಧ ಮಾಡಿದರೆ ಪೋಷಕನೂ ಗಾಡಿಯ ಯಜಮಾನನೂ ಅಪರಾಧಿಗಳು. ಮೂರು ವರುಷದ ವರೆಗೆ ಸೆರೆಯೂ 25,000 ರೂಪಾಯಿ ದಂಡವೂ ಉಂಟು. ತನಗೆ ತಿಳಿಯದೆ ಆಯಿತೆಂದಾಗಲಿ, ತಡೆಯುವದಕ್ಕೆ ತಕ್ಕ ಪ್ರಯತ್ನವನ್ನೆಲ್ಲಾ ಮಾಡಿದೆನೆಂದಾಗಲಿ ತೋರಿಸಿಕೊಟ್ಟವನಿಗೆ ಬಿಡುಗಡೆ. ಎಚ್ಚರಿಸಲ್ಪಟ್ಟ ಯಜಮಾನನಿಗೂ ಎಚ್ಚರಿಸಲ್ಪಡದವನಿಗೂ ಇರುವ ಹಳೇ ಭೇದವನ್ನು ಇಲ್ಲಿಯೂ ಕಾಣುತ್ತೇವೆ. ಜೊತೆಯಲ್ಲಿ ಕೂತವನಿಗೂ ನಾಲಿಗೆಯುಂಟು. ಮದುವೆಗೆ ಹೋಗುವ ಜೀಪಿನಲ್ಲಿ ಹದಿನೈದು ಮಂದಿ ತುಂಬಿದಾಗ, ಡ್ರೈವರು ಬಸ್ಸನ್ನು ಹಿಂದೆ ಹಾಕುವದಕ್ಕೆ ಹೋಗುವಾಗ, ನಿದಾನವಾಗಿ ಹೋಗಪ್ಪಾ ಎಂದು ಒಬ್ಬ ಅಜ್ಜನಾದರೂ ಅಜ್ಜಿಯಾದರೂ ಹೇಳಿದರೆ ಅದು ನಾಚಿಕೆಯ ಮಾತಲ್ಲ. ನಕ್ಕು ಹುರಿದುಂಬಿಸುವವರು ಮಾತ್ರ ಆ ವೇಗದಲ್ಲಿ ಪಾಲುಗಾರರು.

ಕಡೆಗೆ ಪ್ರಿಯ ವಾಚಕರಿಗೆ ನಮ್ಮದೊಂದು ಬಿನ್ನಹ. ಅಪಘಾತವಾದ ದಿವಸ ಎಲ್ಲರ ಮನಸ್ಸಾಕ್ಷಿಯೂ ಎಚ್ಚರವಾಗುತ್ತದೆ. ಅದರಿಂದ ಸತ್ತವರು ಏಳುವದಿಲ್ಲ. ಏನೂ ಆಗದ ದಿವಸ ಅದನ್ನು ಎಬ್ಬಿಸುವದೇ ಲೇಸು. ಇಂದು ಸಾಯಂಕಾಲ ನಿಮ್ಮ ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿದ ಮೇಲೆ, ಒಳಗೆ ಹೋಗುವದಕ್ಕೆ ಮುಂಚೆ ಹೊಸ್ತಿಲಲ್ಲಿ ಒಂದು ಕ್ಷಣ ನಿಂತು ನಿಮ್ಮನ್ನು ನೀವೇ ಕೇಳಿಕೊಳ್ಳಿರಿ: ನಾನು ಈಗ ಬಂದ ರೀತಿಯಲ್ಲಿಯೇ ಬೇರೊಬ್ಬನು ಬರುತ್ತಿದ್ದು, ದಾರಿ ದಾಟುತ್ತಿದ್ದದ್ದು ನನ್ನ ಮಗುವಾಗಿದ್ದರೆ, ಅವನನ್ನು ನಾನು ಏನನ್ನುತ್ತಿದ್ದೆನು? ಆ ಉತ್ತರವು ಸಮಾಧಾನವನ್ನು ಕೊಟ್ಟರೆ ಒಳಗೆ ಹೋಗಿ ಸುಖವಾಗಿ ಊಟ ಮಾಡಿರಿ. ಕೊಡದೆ ಹೋದರೆ, ಕ್ಷೇಮವಾಗಿ ಬಂದೆನೆಂದು ಹೆಚ್ಚಳಪಡದೆ, ಇನ್ನೊಂದು ದಿವಸ ದೊರೆಯಿತಲ್ಲಾ ಎಂದು ತಲೆಬಾಗಿರಿ. ಮತ್ತು ನಾಳೆ ಕಾಲು ಗಂಟೆ ಮುಂಚೆ ಹೊರಡಿರಿ.